ಅರಿಶಿನದ ಸತ್ವವನ್ನು ನಿಧಾನವಾಗಿ ಬಿಡುವ ಪಾಲಿಮರ್ ಎಳೆ: ಮಾಡುವುದು ಹೇಗೆ, ಅಳೆಯುವುದು ಹೇಗೆ

ಜಗಳೂರು ಕಡೆಯ ಹುಡುಗಿಯೊಬ್ಬಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಂತ ನಮ್ಮ ಲ್ಯಾಬಿಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಶೇಕರ್ (ಬಾಟಲಿ ಅಲುಗಿಸುವ ಯಂತ್ರ) ಮುಚ್ಚಳ ತೆಗೆದವಳು ಬಾಟಲಿ ಹಿಡಿದುಕೊಂಡೇ ಓಡಿಬಂದಳು. "ಅಕ್ಕಾ, ನೀರಿನ ಹಳದಿ ಹೋಗ್ಬಿಟ್ಟಿದೆ ನೋಡಿ!" ಅರಿಶಿನದ ಸತ್ವ ತುಂಬಿದ ಪಾಲಿಮರ್ ಎಳೆ ಹಾಕಿಟ್ಟಿದ್ದ ನೀರು ಅದು, ಹಿಂದಿನ ದಿನ ಚೆನ್ನಾಗಿ ಹಳದಿಯಾಗಿತ್ತು. ರೀಡಿಂಗ್ ತೆಗೆದರೆ ನಿನ್ನೆಗಿಂತ ಕಡಿಮೆ. ಎಳೆಯಿಂದ ಹೊರಗೆ ಬಂದ ಕರ್ಕ್ಯುಮಿನ್ (ಅರಿಶಿನದ ಹಳದಿ ಸತ್ವ) ತಿರುಗಿ ಎಳೆಯೊಳಗೆ ಹೋಗಿ ಕೂರುವುದಿಲ್ಲ, ಅಲ್ವಾ? ಅದು ನೀರಿನಲ್ಲೇ ಒಡೆದು ಹೋಗಿತ್ತು. ಅಲ್ಲಿಯವರೆಗೆ ಅವಳು ಬರೆದಿಟ್ಟಿದ್ದ "ಬಿಡುಗಡೆ" ಅಂಕಿಗಳೆಲ್ಲ ನಿಜಕ್ಕಿಂತ ಕಡಿಮೆ ಇದ್ದವು.

ಎಲೆಕ್ಟ್ರೋಸ್ಪಿನ್ನಿಂಗ್ ಮಾಡಿ, ಅಂದರೆ ವಿದ್ಯುತ್ ಬಲದಿಂದ, ಎಳೆ ತೆಗೆಯುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಒಳಗಿಟ್ಟ ಗಿಡದ ಸತ್ವ ಎಷ್ಟು ಒಳಗಿದೆ, ಎಷ್ಟು ಹೊರಗೆ ಬಂತು, ಬಂದದ್ದು ಏನಾಯಿತು, ಇದನ್ನು ನಂಬಿಕೆಯಿಂದ ಹೇಳುವುದೇ ಕಷ್ಟದ ಕೆಲಸ. ಅದಕ್ಕೇ ಈ ಬರಹದಲ್ಲಿ ಎಳೆ ತೆಗೆಯುವುದಕ್ಕಿಂತ ಅಳೆಯುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಇರುವಂಥ ಸಾಮಾನ್ಯ ಲ್ಯಾಬನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು. ಹೈ ವೋಲ್ಟೇಜ್ ಇದೆ, ಕ್ಲೋರೋಫಾರ್ಮ್ ಇದೆ.

ಮೊದಲು, ನಾವು ಮಾಡುತ್ತಿರುವುದು ಏನು

ಹತ್ತಿಮಿಲ್ಲುಗಳಿಂದಾಗಿ ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಹೆಸರಿತ್ತು. ಅತ್ತ ಚಳ್ಳಕೆರೆ ಕಡೆ ಕಂಬಳಿ. ನೂಲು ಅಂದರೆ ಏನು ಅಂತ ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿ ನಾವು ತೆಗೆಯುವ ಎಳೆ ಮಾತ್ರ ಕೂದಲಿಗಿಂತ ನೂರು ಪಟ್ಟು ತೆಳು, ಕೆಲವೊಮ್ಮೆ ಅದಕ್ಕಿಂತ ತೆಳು. ಅಷ್ಟು ತೆಳುವಾದದ್ದನ್ನು ಕೈಯಿಂದಾಗಲಿ ಚಕ್ರದಿಂದಾಗಲಿ ಎಳೆಯಲು ಆಗುವುದಿಲ್ಲ, ವಿದ್ಯುತ್ ಎಳೆಯುತ್ತದೆ.

ಪಾಲಿಮರ್ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಹತ್ತು ಹದಿನೈದು ಸಾವಿರ ವೋಲ್ಟ್ ಕೊಟ್ಟರೆ, ಸೂಜಿಯ ತುದಿಯ ಹನಿ ಗೋಪುರದಂತೆ ಚೂಪಾಗುತ್ತದೆ. ಇದಕ್ಕೆ ಟೇಲರ್ ಕೋನ್ ಅನ್ನುತ್ತಾರೆ. ಆ ಚೂಪಿನಿಂದ ಒಂದು ಸಣ್ಣ ಧಾರೆ ಹೊರಟು, ಗಾಳಿಯಲ್ಲಿ ಚಾಟಿಯಂತೆ ಸುತ್ತುತ್ತಾ ತೆಳುವಾಗುತ್ತದೆ. ದ್ರಾವಕ ಆರಿ, ಒಣಗಿದ ಎಳೆ ಎದುರಿನ ಲೋಹದ ತಟ್ಟೆಯ ಮೇಲೆ ಬಂದು ಬೀಳುತ್ತದೆ. ಈ ವಿಧಾನಕ್ಕೆ ಆಂಟನ್ ಫಾರ್ಮ್‌ಹಾಲ್ಸ್ 1934ರಲ್ಲೇ ಪೇಟೆಂಟ್ ಪಡೆದಿದ್ದರು. ದ್ರಾವಣದಲ್ಲಿ ಗಿಡದ ಸತ್ವವನ್ನೂ ಕರಗಿಸಿಟ್ಟರೆ ಅದು ಎಳೆಯೊಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಹೊರಗೆ ಬರುತ್ತದೆ.

ಮೊದಲ ಸಲಕ್ಕೆ ಪಾಲಿಕ್ಯಾಪ್ರೊಲ್ಯಾಕ್ಟೋನ್ ಮತ್ತು ಕರ್ಕ್ಯುಮಿನ್ ಜೋಡಿಯನ್ನೇ ತೆಗೆದುಕೊಳ್ಳಿ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಅಂದರೆ ಪಿಸಿಎಲ್, ಹೊಸಬರ ಕೈಗೂ ಬೇಗ ಒಗ್ಗುವ ಪಾಲಿಮರ್. ಕರ್ಕ್ಯುಮಿನ್ ಬಣ್ಣ ಕಣ್ಣಿಗೇ ಕಾಣುತ್ತದೆ, ಹಾಗಾಗಿ ತಪ್ಪಾದರೆ ಬೇಗ ಗೊತ್ತಾಗುತ್ತದೆ. ಅಳೆಯಲು ಒಂದು ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) ಸಾಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಹಾಕೋಣ. "ಜೈವಿಕವಾಗಿ ಕರಗುವ ಪಾಲಿಮರ್, ಅದು ಕರಗಿದಂತೆಲ್ಲ ಔಷಧ ಹೊರಬರುತ್ತದೆ" ಅಂತ ಬಹಳ ಪ್ರಾಜೆಕ್ಟ್ ವರದಿಗಳಲ್ಲಿ ಬರೆದಿರುತ್ತಾರೆ. ಪಿಸಿಎಲ್ ತಾನಾಗಿ ಒಡೆದು ಪೂರ್ತಿ ಕರಗಲು ಎರಡು ಮೂರು ವರ್ಷ ಬೇಕು. ನಿಮ್ಮ ಪ್ರಯೋಗ ನಡೆಯುವುದು ವಾರ, ಹತ್ತು ದಿನ. ಆ ಅವಧಿಯಲ್ಲಿ ಎಳೆ ಹಾಗೇ ಇರುತ್ತದೆ, ಕರ್ಕ್ಯುಮಿನ್ ಅದರೊಳಗಿಂದ ನುಸುಳಿಕೊಂಡು ಹೊರಬರುತ್ತದೆ. ಪಾಲಿಮರ್ ಕರಗುವುದೇ ಬಿಡುಗಡೆಯನ್ನು ನಡೆಸಬೇಕು ಅಂದರೆ ಪಿಎಲ್‌ಜಿಎ 50:50ರಂಥದ್ದು (ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳ ಸಮಪಾಲಿನ ಪಾಲಿಮರ್) ಬೇಕು, ಅದು ಒಂದೆರಡು ತಿಂಗಳಲ್ಲಿ ಕರಗುತ್ತದೆ, ಬೆಲೆಯೂ ಬಹಳ ಜಾಸ್ತಿ.

ಸಾಮಾನು ಹೊಂದಿಸಿಕೊಳ್ಳುವುದು

ಪಿಸಿಎಲ್ ಕೊಳ್ಳುವಾಗ ಅಣುತೂಕ 80,000 ಇರುವುದನ್ನೇ ಕೇಳಿ. 10,000, 14,000ದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಎಳೆ ಬರುವುದಿಲ್ಲ, ಬರೀ ಹನಿ ಉದುರುತ್ತದೆ.

ಕರ್ಕ್ಯುಮಿನ್ ಅಂತ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಮೂರು ಕರ್ಕ್ಯುಮಿನಾಯ್ಡ್‌ಗಳ ಮಿಶ್ರಣ. ಅದರಲ್ಲಿ ಮುಕ್ಕಾಲು ಪಾಲು ನಿಜವಾದ ಕರ್ಕ್ಯುಮಿನ್ ಇರುತ್ತದೆ. ಪರವಾಗಿಲ್ಲ, ಆದರೆ ಡಬ್ಬಿ ಮೇಲಿನ ಶುದ್ಧತೆಯ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಕೊನೆಯವರೆಗೂ ಅದೇ ಡಬ್ಬಿ ಬಳಸಿ. ಅಡುಗೆಮನೆಯ ಅರಿಶಿನಪುಡಿ ಹಾಕಬಹುದಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇಡ. ಅದರಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು, ಉಳಿದದ್ದರಲ್ಲಿ ಹೆಚ್ಚಿನದು ಪಿಷ್ಟ, ನಾರು. ಅದು ಕರಗುವುದೂ ಇಲ್ಲ, ಸೂಜಿಯನ್ನು ಕಟ್ಟಿಸುತ್ತದೆ.

ಇನ್ನುಳಿದದ್ದು: ಕ್ಲೋರೋಫಾರ್ಮ್, ಮೆಥನಾಲ್, 21 ಗೇಜಿನ ಮೊಂಡು ಸೂಜಿ, ಸಿರಿಂಜ್ ಪಂಪ್, 0ಯಿಂದ 30 ಕಿಲೋವೋಲ್ಟ್ ವರೆಗಿನ ಪವರ್ ಸಪ್ಲೈ, ಅಲ್ಯೂಮಿನಿಯಂ ಫಾಯಿಲ್, ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು). ಸಿರಿಂಜ್ ಗಾಜಿನದ್ದೇ ಇರಲಿ. ಮೆಡಿಕಲ್ ಶಾಪಿನ ಸಿರಿಂಜಿನ ಕಪ್ಪು ರಬ್ಬರ್ ಕ್ಲೋರೋಫಾರ್ಮಿಗೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ, ಪಂಪ್ ತಳ್ಳುತ್ತಲೇ ಇರುತ್ತದೆ, ದ್ರಾವಣ ಮಾತ್ರ ಬರುವುದಿಲ್ಲ. ನೀಲಿ ನೈಟ್ರೈಲ್ ಗ್ಲೌಸ್ ಕೂಡ ಕ್ಲೋರೋಫಾರ್ಮನ್ನು ತಡೆಯುವುದಿಲ್ಲ. ಹನಿ ಬಿದ್ದರೆ ಕೂಡಲೇ ಕಿತ್ತು ಬೇರೆ ಹಾಕಿಕೊಳ್ಳಿ.

ದ್ರಾವಣ: ಎಳೆಪಾಕದ ಲೆಕ್ಕ

7.5 ಎಂಎಲ್ ಕ್ಲೋರೋಫಾರ್ಮ್, 2.5 ಎಂಎಲ್ ಮೆಥನಾಲ್ ಸೇರಿಸಿ. ಅದಕ್ಕೆ 50 ಮಿಲಿಗ್ರಾಂ ಕರ್ಕ್ಯುಮಿನ್ ಹಾಕಿ ಪೂರ್ತಿ ಕರಗಿಸಿ. ಬಾಟಲಿಯನ್ನು ಬೆಳಕಿಗೆ ಹಿಡಿದು ತಳದಲ್ಲಿ ಒಂದು ಕಣವೂ ಇಲ್ಲ ಅಂತ ನೋಡಿ. ಆಮೇಲೆ 1 ಗ್ರಾಂ ಪಿಸಿಎಲ್ ಗುಂಡುಗಳನ್ನು ಹಾಕಿ, ಮುಚ್ಚಳ ಬಿಗಿಮಾಡಿ, ಬಾಟಲಿಗೆ ಫಾಯಿಲ್ ಸುತ್ತಿ, ಮೂರು ನಾಲ್ಕು ಗಂಟೆ ಸ್ಟರರ್ ಮೇಲಿಡಿ. ಫಾಯಿಲ್ ಬೇಕೇ ಬೇಕು, ಬೆಳಕು ಬಿದ್ದರೆ ಕರ್ಕ್ಯುಮಿನ್ ಹಾಳಾಗುತ್ತದೆ. ಇದೇ ದಿನ ಕರ್ಕ್ಯುಮಿನ್ ಇಲ್ಲದ ಬರೀ ಪಿಸಿಎಲ್ ದ್ರಾವಣವನ್ನೂ ಮಾಡಿಡಿ. ಆ ಖಾಲಿ ಎಳೆ ಇಲ್ಲದೆ ಮುಂದಿನ ಯಾವ ರೀಡಿಂಗಿಗೂ ಬೆಲೆ ಇಲ್ಲ.

ನೂರಕ್ಕೆ ಹತ್ತು ಅನ್ನುವುದು ಶುರುಮಾಡುವ ಪ್ರಮಾಣ ಅಷ್ಟೇ. ಅದು ಸರಿಯಿದೆಯಾ ಅಂತ ತಿಳಿಯಲು ನಮ್ಮ ಮನೆಗಳಲ್ಲೇ ಒಂದು ಪರೀಕ್ಷೆ ಇದೆ. ಉಂಡೆ ಕಟ್ಟುವಾಗ ಸಕ್ಕರೆ ಪಾಕವನ್ನು ಎರಡು ಬೆರಳಿನ ನಡುವೆ ಎಳೆದು ನೋಡುತ್ತಾರಲ್ಲ, ಒಂದೆಳೆ ಬಂತಾ ಇಲ್ಲವಾ ಅಂತ, ಇಲ್ಲೂ ಹಾಗೆಯೇ. ಗಾಜಿನ ಕಡ್ಡಿ ಅದ್ದಿ ಮೇಲೆತ್ತಿ. ನೀರಿನಂತೆ ತೊಟ್ಟಿಕ್ಕಿದರೆ ಪಾಕ ಬಂದಿಲ್ಲ. ಅಂದರೆ ಪಾಲಿಮರ್ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡಿಲ್ಲ, ಧಾರೆ ತುಂಡಾಗಿ ಹನಿಯಾಗುತ್ತದೆ, ಎಳೆ ಮೇಲೆ ಮಣಿ ಪೋಣಿಸಿದಂತೆ ಕಾಣುತ್ತದೆ. ಕಡ್ಡಿಯಿಂದ ಉದ್ದಕ್ಕೆ ಕಡಿಯದ ಎಳೆ ಇಳಿದರೆ ಸರಿ. ಕಡ್ಡಿಗೆ ಅಂಟಿಕೊಂಡು ಇಳಿಯಲೇ ಇಲ್ಲ ಅಂದರೆ ಗಟ್ಟಿಯಾಯಿತು. ಪಿಸಿಎಲ್ ಒಂದು ಅಥವಾ ಎರಡು ಭಾಗ ಹೆಚ್ಚು ಕಡಿಮೆ ಮಾಡಿ ಹದ ನೋಡಿ.

ಯಂತ್ರ ಜೋಡಿಸುವುದು, ಜೀವ ಜೋಪಾನ

ಸಿರಿಂಜ್ ಪಂಪಿನಲ್ಲಿಟ್ಟು ಗಂಟೆಗೆ 1 ಎಂಎಲ್ ವೇಗ ಹಾಕಿ. ಸೂಜಿಯಿಂದ 15 ಸೆಂ.ಮೀ. ದೂರಕ್ಕೆ ಫಾಯಿಲ್ ಸುತ್ತಿದ ಲೋಹದ ತಟ್ಟೆ ಇಡಿ. ಅದಕ್ಕೆ ಅರ್ತ್ ವೈರ್ ಬಿಗಿಯಾಗಿ ಕೂತಿರಬೇಕು. ಹೈ ವೋಲ್ಟೇಜ್ ಕ್ಲಿಪ್ ಸೂಜಿಗೆ ಹಾಕಿ.

ಪೆಟ್ಟಿಗೆ ಬಾಗಿಲು ತೆರೆದರೆ ಸಪ್ಲೈ ತಾನೇ ಆಫ್ ಆಗುವಂಥ ಸ್ವಿಚ್ ಹಾಕಿಸಿ, ನಮ್ಮೂರಿನ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಆಫ್ ಮಾಡಿದ ಮೇಲೂ ಸೂಜಿಯಲ್ಲಿ ಚಾರ್ಜ್ ಉಳಿದಿರುತ್ತದೆ. ಪ್ಲಾಸ್ಟಿಕ್ ಹಿಡಿಯ ಅರ್ತ್ ಕೋಲಿನಿಂದ ಸೂಜಿಯನ್ನು ಮುಟ್ಟಿಸಿದ ಮೇಲೆಯೇ ಕೈ ಒಳಗೆ ಹಾಕಿ. ಒಬ್ಬರೇ ಇರುವಾಗ ಈ ಕೆಲಸ ಮಾಡಲೇಬೇಡಿ. ಮೆಥನಾಲ್ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಹುಡ್ ಫ್ಯಾನ್ ನಡೆಯುತ್ತಿರಬೇಕು, ಆವಿ ಪೆಟ್ಟಿಗೆಯೊಳಗೆ ತುಂಬಬಾರದು. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಕ್ಲೋರೋಫಾರ್ಮ್ ತ್ಯಾಜ್ಯಕ್ಕೆ ಬೇರೆ ಬಾಟಲಿ, ಅದರ ಮೇಲೆ ಚೀಟಿ.

ಕರೆಂಟ್ ವಿಚಾರ ನಿಮಗೇ ಗೊತ್ತು. ನಡುವೆ ಹೋದರೆ ಪಂಪ್ ನಿಂತು, ಹನಿ ಸೂಜಿ ತುದಿಯಲ್ಲಿ ಒಣಗಿ ಕೂರುತ್ತದೆ. ಪಂಪನ್ನೂ ಸಪ್ಲೈಯನ್ನೂ ಒಂದೇ ಯುಪಿಎಸ್‌ಗೆ ಹಾಕಿ.

ಎಳೆ ತೆಗೆಯುವುದು

ವೋಲ್ಟೇಜನ್ನು 8 ಕಿಲೋವೋಲ್ಟಿನಿಂದ ಮೆಲ್ಲಗೆ ಏರಿಸಿ. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ಸೂಜಿ ತುದಿ ನೋಡಿ. ಮೊದಲು ಹನಿ ಜೋತು ಬೀಳುತ್ತದೆ. ಸ್ವಲ್ಪ ಏರಿಸಿದರೆ ಚೂಪಾಗುತ್ತದೆ. 12ರಿಂದ 15ರ ನಡುವೆ ಎಲ್ಲೋ ಒಂದು ಕಡೆ ಆ ಚೂಪು ಅಲುಗಾಡದೆ ನಿಲ್ಲುತ್ತದೆ, ಬೆಳಕಿನಲ್ಲಿ ಹೊಗೆಯಂಥ ಹಳದಿ ಮಿಶ್ರಿತ ಜಾಲ ಕಾಣುತ್ತದೆ. ಅಲ್ಲೇ ನಿಲ್ಲಿಸಿ. ಇನ್ನೂ ಏರಿಸಿದರೆ ಕೋನ್ ಸೂಜಿಯೊಳಕ್ಕೆ ಎಳೆದುಕೊಂಡು ಧಾರೆ ಎರಡು ಮೂರಾಗಿ ಒಡೆಯುತ್ತದೆ, ಎಳೆ ದಪ್ಪ ಒಂದೇ ಸಮ ಇರುವುದಿಲ್ಲ.

ಪೂರ್ತಿ ಪದರ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಸಪ್ಲೈ ಆಫ್ ಮಾಡಿ, ಅರ್ತ್ ಮಾಡಿ, ಫಾಯಿಲ್ ಮೇಲೆ ಒಂದು ಗಾಜಿನ ಸ್ಲೈಡ್ ಅಂಟಿಸಿ, ಮತ್ತೆ ಹಾಕಿ ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ. ಸ್ಲೈಡನ್ನು ಸಾಮಾನ್ಯ ಮೈಕ್ರೋಸ್ಕೋಪಿನ 40ಎಕ್ಸ್ ಆಬ್ಜೆಕ್ಟಿವ್ ಕೆಳಗೆ ನೋಡಿ. ತುಂಬಾ ತೆಳುವಾದ ಎಳೆ ಸರಿಯಾಗಿ ಕಾಣುವುದಿಲ್ಲ, ಆದರೆ ಮಣಿ ಇದೆಯಾ, ಎಳೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿವೆಯಾ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಮಣಿ ಇದ್ದರೆ ದ್ರಾವಣ ಗಟ್ಟಿ ಮಾಡಿ. ಅಂಟಿಕೊಂಡಿದ್ದರೆ ದೂರವನ್ನು 18, 20 ಸೆಂ.ಮೀ.ಗೆ ಹೆಚ್ಚಿಸಿ, ಇಲ್ಲ ವೇಗವನ್ನು ಗಂಟೆಗೆ ಅರ್ಧ ಎಂಎಲ್‌ಗೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಹವೆಯನ್ನು ಮರೆಯಬೇಡಿ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿರುತ್ತದೆ, ದ್ರಾವಣ ಸೂಜಿ ತುದಿಯಲ್ಲೇ ಆರಿ ಬಿಳಿ ಕೊಂಬಿನಂತೆ ಬೆಳೆಯುತ್ತದೆ. ಒರೆಸಿ ಒರೆಸಿ ಸಾಕಾಗುತ್ತದೆ. ಜುಲೈನಲ್ಲಿ ತದ್ವಿರುದ್ಧ. ಗಾಳಿಯ ತೇವ ಎಳೆ ಮೇಲೆ ಸಣ್ಣ ಹನಿಯಾಗಿ ಕೂತು, ಆರಿದ ಮೇಲೆ ಅಲ್ಲೆಲ್ಲ ಗುಳಿ ಬಿಡುತ್ತದೆ. ಗುಳಿ ಇರುವ ಎಳೆ ಬೇಗ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಮಾಡಿದ ಪದರವನ್ನೂ ಮಳೆಗಾಲದಲ್ಲಿ ಮಾಡಿದ ಪದರವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ "ದ್ರಾವಣ ಒಂದೇ, ಫಲಿತಾಂಶ ಯಾಕೆ ಬೇರೆ" ಅಂತ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅಗ್ಗದ ಒಂದು ತೇವಾಂಶ ಮೀಟರ್ ಪೆಟ್ಟಿಗೆಯೊಳಗೆ ಇಡಿ, ತೇವಾಂಶ ನೂರಕ್ಕೆ 40ರಿಂದ 50ರೊಳಗೆ ಇದ್ದಾಗ ಮಾತ್ರ ಕೆಲಸ ಮಾಡಿ, ಆ ದಿನದ ಅಂಕಿ ಬರೆದಿಡಿ.

5 ಎಂಎಲ್ ತೆಗೆಯಲು ಐದು ಗಂಟೆ ಬೇಕು. ಪಕ್ಕದಲ್ಲೇ ಇರಿ.

ಒಣಗಿಸುವುದು

ಫಾಯಿಲ್ ಸಮೇತ ಪದರವನ್ನು ವ್ಯಾಕ್ಯೂಮ್ ಡೆಸಿಕೇಟರಿನಲ್ಲಿ ರಾತ್ರಿಯಿಡೀ ಇಡಿ, ಕತ್ತಲಲ್ಲಿ. ಓವನ್ ಬೇಡ. ಶುರುವಿನಲ್ಲಿ ನಾನೊಮ್ಮೆ ಬೇಗ ಒಣಗಲಿ ಅಂತ 60 ಡಿಗ್ರಿ ಓವನ್‌ನಲ್ಲಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಹತ್ತಿಯಂತಿದ್ದ ಪದರ ಎಣ್ಣೆ ಕಾಗದದಂತೆ ಪಾರದರ್ಶಕವಾಗಿತ್ತು. ಪಿಸಿಎಲ್ ಕರಗುವುದೇ 60 ಡಿಗ್ರಿ ಆಸುಪಾಸಿನಲ್ಲಿ. ಇಡೀ ದಿನದ ಕೆಲಸ ಹೋಯಿತು, ಅದಕ್ಕಿಂತ ಹೆಚ್ಚಾಗಿ, ಆ ಕರ್ಕ್ಯುಮಿನ್ ಡಬ್ಬಿಯಲ್ಲಿ ಅದೇ ಕೊನೆಯದಾಗಿತ್ತು. ಏಪ್ರಿಲ್, ಮೇನಲ್ಲಿ ಶೀಟಿನ ಛಾವಣಿ ಕೆಳಗಿನ ಬೀರುವಿನಲ್ಲೂ ಇಡಬೇಡಿ. ಫಾಯಿಲ್ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.

ಒಣಗಿದ ಪದರದ ಮೇಲೆ ಬಿಳಿ ಫಿಲ್ಟರ್ ಪೇಪರನ್ನು ಹಗುರವಾಗಿ ಉಜ್ಜಿ. ಪೇಪರಿಗೆ ಹಳದಿ ಹತ್ತಿತಾ? ಹಾಗಾದರೆ ಕರ್ಕ್ಯುಮಿನ್ ಎಳೆಯೊಳಗೆ ಇರುವ ಬದಲು ಮೇಲೆ ಪುಡಿಯಾಗಿ ಕೂತಿದೆ, ನೀರಿಗೆ ಹಾಕಿದ ಮೊದಲ ಗಂಟೆಯಲ್ಲೇ ಉದುರಿಹೋಗುತ್ತದೆ. ಪ್ರಮಾಣ ಕಡಿಮೆ ಮಾಡಿ ಮತ್ತೆ ಮಾಡಿ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಎರಡೇ ನಿಮಿಷದ ಕೆಲಸ.

ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ಬೇಕಿದ್ದರೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ ಇದೆ. ಹೊರಗಿನವರ ಸ್ಯಾಂಪಲ್ಲಿಗೂ ಶುಲ್ಕ ಕಟ್ಟಿ ಮಾಡಿಸಿಕೊಳ್ಳಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲೂ ಆಗುತ್ತದೆ. ಕೊಡುವಾಗ ಇದು 60 ಡಿಗ್ರಿಗೆ ಕರಗುವ ಪಾಲಿಮರ್ ಅಂತ ಚೀಟಿ ಬರೆದು ಅಂಟಿಸಿ. 5 ಕಿಲೋವೋಲ್ಟ್ ಸುತ್ತ ನೋಡಲಿ, ಚಿನ್ನದ ಲೇಪವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬಿಟ್ಟು ಹಾಕಲಿ. ಇಲ್ಲದಿದ್ದರೆ ಬೀಮಿನ ಬಿಸಿಗೆ ಎಳೆ ಕಣ್ಣೆದುರೇ ಬಾಗಿ ಕರಗುತ್ತದೆ. ಕನಿಷ್ಠ 100 ಎಳೆಗಳ ದಪ್ಪ ಅಳೆಯಿರಿ. ಚೆಂದ ಕಾಣುವ ಮೂಲೆಯನ್ನೇ ಆರಿಸಿಕೊಂಡು ಅಳೆಯಬೇಡಿ.

ಒಳಗೆ ನಿಜವಾಗಿ ಎಷ್ಟಿದೆ

ಹಾಕಿದ್ದು 1 ಗ್ರಾಂ ಪಿಸಿಎಲ್‌ಗೆ 50 ಮಿಲಿಗ್ರಾಂ. ಅಂದರೆ 1050ರಲ್ಲಿ 50, ನೂರಕ್ಕೆ 4.76. ಇದು ಕಾಗದದ ಮೇಲಿನ ಲೆಕ್ಕ. ಪದರದಲ್ಲಿ ಅಷ್ಟೇ ಇದೆಯಾ ಅಂತ ನೋಡಬೇಕು.

ಪದರದ ನಡುವಿನಿಂದ, ಅಂಚಿನಿಂದ, ಇವೆರಡರ ಮಧ್ಯದ ಒಂದು ಕಡೆಯಿಂದ, ಹೀಗೆ ಮೂರು ತುಂಡು, ಒಂದೊಂದು 5 ಮಿಲಿಗ್ರಾಂ ಕತ್ತರಿಸಿ. ಒಂದೊಂದನ್ನೂ 10 ಎಂಎಲ್ ಕ್ಲೋರೋಫಾರ್ಮ್-ಮೆಥನಾಲ್ ಮಿಶ್ರಣದಲ್ಲಿ ಪೂರ್ತಿ ಕರಗಿಸಿ. 5 ಮಿಲಿಗ್ರಾಂನಲ್ಲಿ ಇರಬೇಕಾದದ್ದು 0.238 ಮಿಲಿಗ್ರಾಂ, ಅಂದರೆ ಎಂಎಲ್‌ಗೆ 23.8 ಮೈಕ್ರೋಗ್ರಾಂ. ಇದು ಯಂತ್ರಕ್ಕೆ ಜಾಸ್ತಿ. ಎಂಎಲ್‌ಗೆ 1 ಮೈಕ್ರೋಗ್ರಾಂ ಇದ್ದರೇ 425 ನ್ಯಾನೋಮೀಟರ್ ಸುತ್ತ ಸುಮಾರು 0.16 ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ) ಬರುತ್ತದೆ. ಹಾಗಾಗಿ ಹತ್ತು ಪಟ್ಟು ತೆಳು ಮಾಡಿ ಓದಿ. ಕ್ಯಾಲಿಬ್ರೇಷನ್ ಗೆರೆಯನ್ನು (ಗೊತ್ತಿರುವ ಪ್ರಮಾಣಗಳಿಗೆ ಬರುವ ರೀಡಿಂಗ್ ಗೆರೆ) ಎಂಎಲ್‌ಗೆ 1ರಿಂದ 5 ಮೈಕ್ರೋಗ್ರಾಂ ವರೆಗೆ ಇದೇ ಮಿಶ್ರಣದಲ್ಲೇ ಹಾಕಿರಬೇಕು. ಖಾಲಿ ಪಿಸಿಎಲ್ ಪದರವನ್ನು ಇದೇ ರೀತಿ ಕರಗಿಸಿ ಬ್ಲ್ಯಾಂಕ್ (ಹೋಲಿಕೆಯ ಸೊನ್ನೆ) ಆಗಿ ಇಡಿ.

ತೆಳು ಮಾಡಿದ ದ್ರಾವಣದಲ್ಲಿ ಎಂಎಲ್‌ಗೆ 2.2 ಮೈಕ್ರೋಗ್ರಾಂ ಬಂತು ಅಂದುಕೊಳ್ಳಿ. ಮೂಲದಲ್ಲಿ 22, ತುಂಡಿನಲ್ಲಿ 0.22 ಮಿಲಿಗ್ರಾಂ. 0.238ಕ್ಕೆ ಭಾಗಿಸಿದರೆ ನೂರಕ್ಕೆ 92. ಮೂರು ತುಂಡುಗಳೂ ಹತ್ತಿರ ಹತ್ತಿರ ಬಂದರೆ ಪದರ ಒಂದೇ ಸಮ ಇದೆ. ಒಂದು 95, ಇನ್ನೊಂದು 70 ಬಂದರೆ ಮುಂದಿನ ಬಿಡುಗಡೆ ಪ್ರಯೋಗಕ್ಕೆ ಕೈ ಹಾಕಬೇಡಿ, ಮೊದಲು ಎಳೆ ಸರಿಮಾಡಿ.

ಬಿಡುಗಡೆ ಅಳೆಯುವುದು

ಇಲ್ಲಿಗೆ ಬಂದೆವು. ಶುರುವಿನಲ್ಲಿ ಹೇಳಿದ ಬಾಟಲಿಯ ಕಥೆ ಇಲ್ಲಿಯದು.

ಕರ್ಕ್ಯುಮಿನ್‌ಗೆ ಎರಡು ತೊಂದರೆ. ಒಂದು, ನೀರಿನಲ್ಲಿ ಅದು ಕರಗುವುದಿಲ್ಲ ಅನ್ನುವಷ್ಟು ಕಡಿಮೆ. ಬರೀ ಪಿಬಿಎಸ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ಫಾಸ್ಫೇಟ್ ಉಪ್ಪುನೀರು, ಒಂದು ಬಫರ್) ಪದರ ಹಾಕಿದರೆ ಸುತ್ತಲಿನ ನೀರು ಬೇಗ ತುಂಬಿಹೋಗಿ ಇನ್ನು ಜಾಗವಿಲ್ಲ ಅನ್ನುತ್ತದೆ. ನೀವು "ಆಹಾ, ಎಷ್ಟು ನಿಧಾನ ಬಿಡುಗಡೆ" ಅಂತ ಖುಷಿಪಡುತ್ತೀರಿ. ನಿಧಾನವಾಗಿರುವುದಕ್ಕೆ ನೀರೇ ಕಾರಣ, ಎಳೆ ಅಲ್ಲ. ಎರಡು, ಪಿಎಚ್ 7.4ರಲ್ಲಿ, 37 ಡಿಗ್ರಿಯಲ್ಲಿ, ಬರೀ ಬಫರಿನಲ್ಲಿ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲೇ ಬಹುಪಾಲು ಒಡೆದುಹೋಗುತ್ತದೆ. ಆಮ್ಲದಲ್ಲಿ ಅದು ಗಟ್ಟಿ, ಕ್ಷಾರದ ಕಡೆ ಹೋದಂತೆ ಬಾಳಿಕೆ ಇಲ್ಲ.

ಮೊದಲನೆಯದಕ್ಕೆ ಪರಿಹಾರ, ಪಿಬಿಎಸ್‌ಗೆ ನೂರು ಭಾಗಕ್ಕೆ ಅರ್ಧ ಭಾಗ (0.5%) ಟ್ವೀನ್ 80 ಸೇರಿಸುವುದು. ಸೋಪಿನಂಥ ಅದರ ಕಣಗಳು ಕರ್ಕ್ಯುಮಿನ್ ಅನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ, ಒಡೆಯುವುದೂ ಬಹಳ ನಿಧಾನವಾಗುತ್ತದೆ. ಆದರೂ ಪೂರ್ತಿ ನಿಲ್ಲುವುದಿಲ್ಲ, ಅದಕ್ಕೇ ಮುಂದೆ ಹೇಳುವ ಎಳೆ ಇಲ್ಲದ ಬಾಟಲಿ ಬೇಕು. ಈ ದ್ರವದಲ್ಲಿ ಕರ್ಕ್ಯುಮಿನ್ ಗರಿಷ್ಠ ಎಷ್ಟು ಕರಗುತ್ತದೆ ಅಂತ ಮೊದಲೇ ಅಳೆದುಕೊಳ್ಳಿ. ಜಾಸ್ತಿ ಪುಡಿ ಹಾಕಿ ಕತ್ತಲಲ್ಲಿ ಕಲಕಿ, ಸೋಸಿ, ತೆಳು ಮಾಡಿ ಓದಿ. ಪದರದಲ್ಲಿರುವುದು ಪೂರ್ತಿ ಹೊರಬಂದರೂ ಆ ಗರಿಷ್ಠದ ಮೂರನೇ ಒಂದು ಭಾಗ ದಾಟದಷ್ಟು ದ್ರವ ತೆಗೆದುಕೊಳ್ಳಿ.

ನಾನು ಮಾಡುವುದು ಹೀಗೆ. 10 ಮಿಲಿಗ್ರಾಂ ಪದರ, 50 ಎಂಎಲ್ ದ್ರವ, ಕಂದು ಬಣ್ಣದ ಬಾಟಲಿ, 37 ಡಿಗ್ರಿ, ಶೇಕರ್ ನಿಮಿಷಕ್ಕೆ 100 ಸುತ್ತು. ಒಂದೇ ಥರದ ಬಾಟಲಿ ಮೂರು. ಪಕ್ಕದಲ್ಲಿ ಖಾಲಿ ಪಿಸಿಎಲ್ ಹಾಕಿದ್ದು ಒಂದು. ಅದರ ಪಕ್ಕದಲ್ಲಿ ಇನ್ನೊಂದು ಬಾಟಲಿ, ಇದೇ ಮುಖ್ಯ: ಅದರಲ್ಲಿ ಎಳೆ ಇಲ್ಲ, ಅದೇ ದ್ರವ, ಗೊತ್ತಿರುವಷ್ಟು ಕರ್ಕ್ಯುಮಿನ್ ಮಾತ್ರ, ಎಂಎಲ್‌ಗೆ 5 ಮೈಕ್ರೋಗ್ರಾಂ ಅನ್ನಿ. ಎಲ್ಲ ಹೊತ್ತಿನಲ್ಲೂ ಇದನ್ನೂ ಓದಿ. 24 ಗಂಟೆಗೆ ಇದು 5ರಿಂದ 4ಕ್ಕೆ ಇಳಿದಿದ್ದರೆ, ಎಳೆಯ ಬಾಟಲಿಯಲ್ಲೂ ಹೊರಬಂದದ್ದರಲ್ಲಿ ಒಂದು ಪಾಲು ಹಾಗೆಯೇ ಹೋಗಿದೆ ಅಂತ ಅರ್ಥ. ಇಳಿಕೆ ತುಂಬಾ ಬೇಗ ಇದ್ದರೆ ಆ ದ್ರವದಲ್ಲಿ ಉದ್ದದ ಪ್ರಯೋಗ ಮಾಡಲೇಬೇಡಿ. ಪ್ರತಿ ಸಲವೂ ದ್ರವವನ್ನು ಪೂರ್ತಿ ತೆಗೆದು ಹೊಸದು ಹಾಕುವ ಕ್ರಮಕ್ಕೆ ಬದಲಾಯಿಸಿ, ಆಗ ಹೊರಬಂದ ಕರ್ಕ್ಯುಮಿನ್ ಬಹಳ ಹೊತ್ತು ನೀರಿನಲ್ಲಿ ಉಳಿಯುವುದಿಲ್ಲ.

ಅರ್ಧ ಗಂಟೆ, 1, 2, 4, 8, 24, 48, 72 ಗಂಟೆ, ಆಮೇಲೆ ದಿನ ಬಿಟ್ಟು ದಿನ. ಮೊದಲ ಎಂಟು ಗಂಟೆಯನ್ನು ತಪ್ಪಿಸಬೇಡಿ, ಕಥೆಯೆಲ್ಲ ಅಲ್ಲೇ ಇರುತ್ತದೆ. ಪ್ರತಿ ಸಲ 1 ಎಂಎಲ್ ತೆಗೆದು ಅದೇ ಬಿಸಿಯ ಹೊಸ ದ್ರವ 1 ಎಂಎಲ್ ಹಾಕಿ. ತೆಗೆದ ಕೂಡಲೇ ಓದಿ, ಸಂಜೆ ಎಲ್ಲ ಸೇರಿಸಿ ಓದಿದರಾಯಿತು ಅಂತ ಮೇಜಿನ ಮೇಲೆ ಬಿಡಬೇಡಿ. ಕ್ಯಾಲಿಬ್ರೇಷನ್ ಗೆರೆ ಈ ಟ್ವೀನ್ ದ್ರವದಲ್ಲೇ ಹೊಸದಾಗಿ ಹಾಕಿದ್ದಾಗಿರಬೇಕು, ಕ್ಲೋರೋಫಾರ್ಮಿನ ಗೆರೆ ಇಲ್ಲಿ ನಡೆಯುವುದಿಲ್ಲ.

ತೆಗೆದ 1 ಎಂಎಲ್‌ನಲ್ಲಿದ್ದ ಕರ್ಕ್ಯುಮಿನ್ ಬಾಟಲಿಯಿಂದ ಹೊರಗೆ ಹೋಯಿತು, ಅದನ್ನು ಲೆಕ್ಕಕ್ಕೆ ತಿರುಗಿ ಸೇರಿಸಬೇಕು. ತೋರಿಸಲು ಮಾತ್ರ ಒಂದು ಉದಾಹರಣೆ. ಪದರದಲ್ಲಿ ಒಟ್ಟು 470 ಮೈಕ್ರೋಗ್ರಾಂ ಇದೆ. ಮೊದಲ ಸ್ಯಾಂಪಲ್ 1 ಗಂಟೆಗೆ, ಎಂಎಲ್‌ಗೆ 1.2. ಹಾಗಾದರೆ ಹೊರಬಂದದ್ದು 50 ಸಲ 1.2, ಅಂದರೆ 60. ನೂರಕ್ಕೆ 12.8. ಎರಡನೆಯದು 2 ಗಂಟೆಗೆ 1.8. ಐವತ್ತರಿಂದ ಗುಣಿಸಿದರೆ 90, ಅದಕ್ಕೆ ಹಿಂದೆ ತೆಗೆದ 1.2 ಸೇರಿಸಿ 91.2. ನೂರಕ್ಕೆ 19.4. ಮೂರನೆಯದು 4 ಗಂಟೆಗೆ 2.5. 125ಕ್ಕೆ 1.2, 1.8 ಸೇರಿಸಿ 128. ನೂರಕ್ಕೆ 27.2. ಹೀಗೇ ಮುಂದೆ.

ಕೊನೆಯ ದಿನ ಪದರವನ್ನು ಹೊರತೆಗೆದು, ಒಣಗಿಸಿ, ಕರಗಿಸಿ, ಒಳಗೆ ಉಳಿದದ್ದನ್ನು ಅಳೆಯಿರಿ. ಹೊರಬಂದದ್ದು, ಒಳಗುಳಿದದ್ದು, ಎರಡೂ ಸೇರಿ ನೂರರ ಹತ್ತಿರ ಬರಬೇಕು. ಎಪ್ಪತ್ತೇ ಬಂದರೆ ಮೂವತ್ತು ಒಡೆದುಹೋಗಿದೆ ಅಥವಾ ಬಾಟಲಿಗೆ ಅಂಟಿದೆ. ಈ ಒಂದು ಸಂಕಲನ ಮಾಡದ ವರದಿಗಳೇ ಹೆಚ್ಚು. ನನಗೆ ಯಾರಾದರೂ ಬಿಡುಗಡೆಯ ಗ್ರಾಫ್ ತೋರಿಸಿದರೆ ನಾನು ಮೊದಲು ಕೇಳುವುದೇ ಇದನ್ನು.

ಗ್ರಾಫಿಗೆ ಸೂತ್ರ ಹಾಕುವುದು ಆಮೇಲಿನ ಮಾತು. ಕೋರ್ಸ್‌ಮೇಯರ್-ಪೆಪ್ಪಾಸ್ ಸೂತ್ರವನ್ನು (ಬಿಡುಗಡೆ ಸಮಯದ ಯಾವ ಘಾತಕ್ಕೆ ತಕ್ಕಂತೆ ಏರುತ್ತದೆ ಅಂತ ಹೇಳುವ ಸೂತ್ರ) ಬಿಡುಗಡೆಯ ನೂರಕ್ಕೆ ಮೊದಲ 60 ಭಾಗಕ್ಕೆ ಮಾತ್ರ ಹಾಕಬೇಕು, ಪೂರ್ತಿ ಗ್ರಾಫಿಗಲ್ಲ. ಉದ್ದ ಸಿಲಿಂಡರ್ ಆಕಾರದ ವಸ್ತುವಿಗೆ ಘಾತ 0.45ರ ಹತ್ತಿರ ಬಂದರೆ ಬರೀ ನುಸುಳುವಿಕೆ, 0.45ರಿಂದ 0.89ರ ನಡುವೆ ಬಂದರೆ ಬೇರೆ ಕಾರಣವೂ ಬೆರೆತಿದೆ. ಮೂರು ನಾಲ್ಕು ಬಿಂದುಗಳ ಮೇಲೆ ಗೆರೆ ಎಳೆದು ದೊಡ್ಡ ಮಾತು ಬರೆಯಬೇಡಿ.

ಬೇಗ ಬಿಟ್ಟುಬಿಡುತ್ತಿದ್ದರೆ

ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಹೊರಬಂದರೆ ಮೊದಲು ಎಳೆಯ ದಪ್ಪ ನೋಡಿ. ಒಳಗಿಂದ ನುಸುಳಿ ಬರುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ದಪ್ಪ ಎರಡು ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟು. ಎಲ್ಲರೂ "ನ್ಯಾನೋ" ಆಗಬೇಕು ಅಂತ ತೆಳು ಮಾಡುತ್ತಲೇ ಹೋಗುತ್ತಾರೆ, ನಿಧಾನ ಬಿಡುಗಡೆ ಬೇಕಾದವರಿಗೆ ಅದು ಉಲ್ಟಾ ದಾರಿ. ದ್ರಾವಣ ಸ್ವಲ್ಪ ಗಟ್ಟಿ ಮಾಡಿ ಒಂದು ಮೈಕ್ರಾನ್ ಎಳೆ ತೆಗೆದರೆ ಏನೂ ಅವಮಾನವಿಲ್ಲ.

ಸುಲಭದ ಇನ್ನೊಂದು ದಾರಿ ಹೋಳಿಗೆ ಕ್ರಮ. ಮೊದಲು ಒಂದು ಗಂಟೆ ಖಾಲಿ ಪಿಸಿಎಲ್, ಅದರ ಮೇಲೆ ಕರ್ಕ್ಯುಮಿನ್ ಎಳೆ, ಮೇಲೆ ಮತ್ತೊಂದು ಗಂಟೆ ಖಾಲಿ ಪಿಸಿಎಲ್. ಹೂರಣ ನಡುವೆ. ಎರಡು ಪಂಪ್ ಇದ್ದವರು ಒಂದರೊಳಗೊಂದು ಸೂಜಿ ಇಟ್ಟು ಒಳಗೆ ಸತ್ವ, ಹೊರಗೆ ಪಿಸಿಎಲ್ ಇರುವ ಎಳೆಯನ್ನೇ ತೆಗೆಯಬಹುದು. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎರಡು ದ್ರಾವಣಗಳ ಹದ ಕೂಡಿಸಲು ವಾರಗಟ್ಟಲೆ ಬೇಕು.

ಲವಂಗ, ಓಂಕಾಳು, ಮೆಕ್ಕೆಜೋಳ

ಲವಂಗದ ಯುಜಿನಾಲ್, ಓಂಕಾಳಿನ ಥೈಮಾಲ್ ಬಳಸಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಇವು ಹಾರಿಹೋಗುತ್ತವೆ. ವಾಸನೆ ಬರುತ್ತಿದೆ ಅಂದರೇನೇ ಹೋಗುತ್ತಿದೆ ಅಂತ. ಎಳೆ ಗಾಳಿಯಲ್ಲಿ ಹಾರುವಾಗ ಒಂದಷ್ಟು, ವ್ಯಾಕ್ಯೂಮಿನಲ್ಲಿ ಒಣಗಿಸುವಾಗ ಇನ್ನಷ್ಟು. ಇಲ್ಲಿ ಒಳಗೆ ಎಷ್ಟಿದೆ ಅನ್ನುವ ಪರೀಕ್ಷೆ ಮೊದಲ ದಿನವೂ ಬೇಕು, ಡಬ್ಬಿಯಲ್ಲಿಟ್ಟ ಹತ್ತನೇ ದಿನವೂ ಬೇಕು. ಅಳೆಯುವುದು 280 ನ್ಯಾನೋಮೀಟರ್ ಸುತ್ತ, ಅಲ್ಲಿ ಟ್ವೀನ್ ಕೂಡ ಅಡ್ಡ ಬರುತ್ತದೆ. ಖಾಲಿ ಎಳೆಯ ಬ್ಲ್ಯಾಂಕ್ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದರ ಪ್ರೋಟೀನಿನ ಸುಮಾರು ಅರ್ಧ ಭಾಗ ಝೀನ್, ಅದರಿಂದಲೂ ಎಳೆ ತೆಗೆಯಬಹುದು, ಕ್ಲೋರೋಫಾರ್ಮ್ ಬೇಕಿಲ್ಲ. ನೂರಕ್ಕೆ 80 ಭಾಗದ ಈಥೈಲ್ ಆಲ್ಕೋಹಾಲಿನಲ್ಲಿ 25ರಿಂದ 30 ಭಾಗ ಝೀನ್ ಕರಗಿಸಿದರೆ ಸಾಕು, ಕರ್ಕ್ಯುಮಿನ್ ಕೂಡ ಅದರಲ್ಲೇ ಕರಗುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಆಸೆ. ನಮ್ಮ ಹೊಲದ ಬೆಳೆಯಿಂದಲೇ ಔಷಧ ಹಿಡಿದಿಡುವ ಎಳೆ ಬರಬೇಕು ಅನ್ನುವ ಆಸೆ. ಸದ್ಯಕ್ಕೆ ಶುದ್ಧ ಝೀನ್ ಕೊಂಡೇ ಶುರುಮಾಡಿ, ಮೆಕ್ಕೆಜೋಳದಿಂದ ತೆಗೆಯುವುದು ಬೇರೆಯೇ ಪ್ರಾಜೆಕ್ಟ್.

ಝೀನ್‌ನ ಕಷ್ಟ ಎರಡು. ಆಲ್ಕೋಹಾಲ್ ಬೇಗ ಆರಿ ಸೂಜಿ ಪದೇಪದೇ ಕಟ್ಟುತ್ತದೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಆಫ್ ಮಾಡಿ, ಅರ್ತ್ ಮಾಡಿ, ಒರೆಸಬೇಕು. ಎರಡನೆಯದು ದೊಡ್ಡದು. ಪದರವನ್ನು ನೀರಿಗೆ ಹಾಕಿದ ಕೂಡಲೇ ಅದು ಮುದುಡಿಕೊಂಡು, ಎಳೆಗಳೆಲ್ಲ ಒಂದಕ್ಕೊಂದು ಅಂಟಿ, ಗಟ್ಟಿ ಹಾಳೆಯಂತಾಗುತ್ತದೆ. ಒಣಗಿದಾಗ ತೆಗೆದ ಎಸ್‌ಇಎಂ ಚಿತ್ರದಲ್ಲಿ ಅಷ್ಟು ಚೆಂದದ ಎಳೆ, ಬಿಡುಗಡೆ ನಡೆಯುವ ಜಾಗದಲ್ಲಿ ಎಳೆಯೇ ಇಲ್ಲ. ಸಿಟ್ರಿಕ್ ಆಸಿಡ್ ಸೇರಿಸಿ ಬಿಸಿ ಮಾಡಿ ಗಟ್ಟಿಗೊಳಿಸುವುದು ಒಂದು ದಾರಿ, ಆದರೆ ಆ ಬಿಸಿಗೆ ಸತ್ವ ಉಳಿಯುತ್ತದಾ ಅಂತ ಅಳೆಯಬೇಕು. ಗ್ಲೇಶಿಯಲ್ ಅಸೆಟಿಕ್ ಆಸಿಡ್‌ನಲ್ಲಿ ಝೀನ್, ಪಿಸಿಎಲ್ ಎರಡೂ ಕರಗುತ್ತವೆ, ಬೆರೆಸಿ ಎಳೆ ತೆಗೆಯುವುದು ಇನ್ನೊಂದು ದಾರಿ. ನಾನು ಹೇಳುವುದಾದರೆ ಬೆರಕೆಯಿಂದಲೇ ಶುರುಮಾಡಿ.

ಯಾವ ಎಳೆಯೇ ಆಗಲಿ, ಇದನ್ನು ಯಾರ ಗಾಯದ ಮೇಲೂ ಇಟ್ಟು ನೋಡಬೇಡಿ, ನಿಮ್ಮ ಕೈಮೇಲೂ ಬೇಡ. ಉಳಿದ ಕ್ಲೋರೋಫಾರ್ಮ್, ಸೋಂಕು, ಚರ್ಮದ ಪ್ರತಿಕ್ರಿಯೆ ಇವೆಲ್ಲಕ್ಕೂ ಬೇರೆ ಪರೀಕ್ಷೆ, ಬೇರೆ ಅನುಮತಿ ಬೇಕು.

ಝೀನ್ ಕೈಗೆತ್ತಿಕೊಳ್ಳುವವರು ಇಷ್ಟು ಮಾಡಿ: ಸತ್ವ ಹಾಕದ ಖಾಲಿ ಪದರದ ಉಗುರಿನಷ್ಟು ತುಂಡನ್ನು 37 ಡಿಗ್ರಿ ಪಿಬಿಎಸ್‌ನಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಹೊರತೆಗೆದು, ಒಣಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಎಳೆ ಎಳೆಯಾಗಿಯೇ ಉಳಿದಿದ್ದರೆ ಆಗ ಕರ್ಕ್ಯುಮಿನ್ ಡಬ್ಬಿ ತೆರೆಯಿರಿ.